ಚದುರಂಗದಲ್ಲಿ ಕಾಲಾಳಿನ ಸ್ಥಾನ

ಚದುರಂಗವಾಡಲು ಕುಳಿತವರ ಕಣ್ಣು ಮೊದಲು ಹೋಗುವುದು ಮಂತ್ರಿಯ ಕಡೆಗೆ. ಆಮೇಲೆ ಆನೆಯ ಕಡೆಗೆ, ಕುದುರೆಯ ಕಡೆಗೆ. ಮುಂದಿನ ಸಾಲಿನಲ್ಲಿ ಒತ್ತಾಗಿ ನಿಂತ ಎಂಟು ಕಾಲಾಳುಗಳನ್ನು ಲಕ್ಷ್ಯವಿಟ್ಟು ನೋಡುವವರು ವಿರಳ. ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ನಡೆಯುವ ಆಟಗಳನ್ನು ನೋಡಿದವರಿಗೆ ಈ ಮಾತು ಹೊಸತಲ್ಲ. ಮಂತ್ರಿ ಹೋದರೆ ಆಡುವವನ ಮುಖ ಬಾಡುತ್ತದೆ. ಕಾಲಾಳು ಹೋದರೆ ಕಳೆದುಕೊಂಡವನೂ ನಗುತ್ತಾನೆ, ಸುತ್ತ ನಿಂತವರೂ ನಗುತ್ತಾರೆ. "ಹೋಗಲಿ ಬಿಡೋ, ಕಾಲಾಳು ತಾನೆ!" ಎಂದು ಯಾರೋ ಒಬ್ಬರು ಸಮಾಧಾನ ಹೇಳಿಬಿಡುತ್ತಾರೆ. ಮೊಬೈಲಿನಲ್ಲಿ ಮೂರು ಮೂರು ನಿಮಿಷದ ಆಟಗಳನ್ನು ಆಡುವ ಗೆಳೆಯರಲ್ಲಂತೂ ಈ ಅಸಡ್ಡೆ ಇನ್ನೂ ಹೆಚ್ಚು.

ಈ ಮಾತು ತಪ್ಪು ಎಂಬುದೇ ನನ್ನ ವಾದ. ಕಾಲಾಳನ್ನು ಅರಿಯದವನು ಚದುರಂಗವನ್ನೇ ಅರಿತಿಲ್ಲವೆಂದೂ, ಆದ್ದರಿಂದ ನಮ್ಮ ಕಾಲೇಜಿನಲ್ಲಿ ಹೊಸಬರಿಗೆ ಈ ಆಟವನ್ನು ಕಲಿಸುವಾಗ ಪಾಠವು ಕಾಲಾಳಿನಿಂದಲೇ ಆರಂಭವಾಗಬೇಕೆಂದೂ ನಾನು ತಿಳಿದಿದ್ದೇನೆ. ಇದಕ್ಕೆ ಕಾರಣಗಳನ್ನು ನನಗೆ ತೋರಿದಷ್ಟು ಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಮೊದಲು ಹೆಸರಿನ ವಿಚಾರ. ಆನೆ, ಕುದುರೆ, ರಥ, ಪದಾತಿ ಎಂಬ ಸೈನ್ಯದ ನಾಲ್ಕು ಅಂಗಗಳಿಂದ ಚತುರಂಗವೆಂಬ ಹೆಸರು ಬಂದಿತು. ಪದಾತಿ ಎಂದರೆ ಕಾಲಾಳು. ಪೇದೆ ಎನ್ನುವವರೂ ಉಂಟು. ಈ ಕಾಯಿಗೆ ಬೇರೆ ಬೇರೆ ದೇಶದವರು ಇಟ್ಟ ಹೆಸರುಗಳನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಜರ್ಮನರು ಇದನ್ನು ಕರೆಯುವ ಹೆಸರಿಗೆ ಆ ಭಾಷೆಯಲ್ಲಿ ರೈತನೆಂದು ಅರ್ಥ. ಸ್ಪೇನಿನವರು ಇಟ್ಟ ಹೆಸರಿಗೆ ಕೂಲಿಯವನೆಂಬ ಅರ್ಥವೂ ಇದೆ. ನಮ್ಮ 'ಕಾಲಾಳು' ಎಂಬ ಪದದಲ್ಲಿಯೂ ಆಳು ಇದ್ದಾನೆ. ಒಟ್ಟಿನಲ್ಲಿ ಎಲ್ಲ ನಾಡಿನವರೂ ದುಡಿಯುವವನನ್ನು ತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ದೊಡ್ಡವರೆಲ್ಲ ಅವನ ಬೆನ್ನಿಗೆ ನಿಂತಿದ್ದಾರೆ.

ಬೆಲೆಯ ದೃಷ್ಟಿಯಿಂದಲೂ ಕಾಲಾಳು ಕೊನೆಯದೇ. ಆಟ ಕಲಿಸುವವರು ಸಾಮಾನ್ಯವಾಗಿ ಮಂತ್ರಿಗೆ ೯, ಆನೆಗೆ ೫, ಒಂಟೆಗೆ ಮತ್ತು ಕುದುರೆಗೆ ೩, ಕಾಲಾಳಿಗೆ ೧ ಎಂದು ಅಂಕ ಕೊಡುತ್ತಾರೆ. ಈ ಲೆಕ್ಕ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಮ್ಮ ಹದಿನಾರು ಕಾಯಿಗಳಲ್ಲಿ ಎಂಟು, ಎಂದರೆ ಸರಿಯಾಗಿ ಅರ್ಧ ಸೈನ್ಯ, ಕಾಲಾಳುಗಳೇ ಆಗಿವೆ. ಅರ್ಧ ಸೈನ್ಯವನ್ನು ಕಡೆಗಣಿಸಿ ಯುದ್ಧ ಗೆಲ್ಲುತ್ತೇನೆಂದು ಹೊರಡುವ ದಳಪತಿಯನ್ನು ಏನೆನ್ನೋಣ?

ಇನ್ನು ಅದರ ನಡೆ. ಮಂತ್ರಿ, ಆನೆ, ಒಂಟೆ, ಕುದುರೆ, ಕಡೆಗೆ ರಾಜ ಸಹ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಬಹುದು. ಇಂದು ತಪ್ಪು ಮನೆಗೆ ಹೋದ ಕುದುರೆ ನಾಳೆ ಮರಳಿ ತನ್ನ ಮನೆಗೆ ಬರುತ್ತದೆ; ಆದ ನಷ್ಟ ಎರಡು ನಡೆಗಳ ಕಾಲ ಮಾತ್ರ. ಕಾಲಾಳಿಗೆ ಆ ಸವಲತ್ತಿಲ್ಲ. ಅದು ಮುಂದೆ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ, ಎಂದೂ ಹಿಂದಿರುಗುವುದಿಲ್ಲ. ಆದಕಾರಣ ಚದುರಂಗದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಿ ಇಡಬೇಕಾದ ನಡೆ ಮಂತ್ರಿಯದಲ್ಲ, ಕಾಲಾಳಿನದು. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಏನು ಮಾಡಬೇಕೆಂದು ತೋಚದೆ ಹೋದಾಗ "ಒಂದು ಕಾಲಾಳು ನೂಕೋಣ" ಎನ್ನುತ್ತೇವೆ.

ಹೀಗೆ ನೂಕಿದ ಕಾಲಾಳು ಏನು ಮಾಡುತ್ತದೆಂಬುದನ್ನು ವಿಚಾರಿಸಬೇಕು. ಕಾಲಾಳು ತನ್ನ ಮುಂದಿನ ಎರಡು ಓರೆ ಮನೆಗಳನ್ನು ಕಾಯುತ್ತದೆ. ಅದು ಒಂದು ಹೆಜ್ಜೆ ಮುಂದೆ ಹೋದೊಡನೆ ಹಿಂದೆ ಕಾಯುತ್ತಿದ್ದ ಎರಡು ಮನೆಗಳು ಅದರ ಪಾಲಿಗೆ ಶಾಶ್ವತವಾಗಿ ತಪ್ಪಿಹೋಗುತ್ತವೆ. ಪಕ್ಕದ ಕಾಲಾಳುಗಳೂ ಮುಂದೆ ಹೋಗಿದ್ದರೆ ಅಲ್ಲಿ ಎದುರಾಳಿಯ ಕುದುರೆ ಬಂದು ಕುಳಿತೀತು. ಅದನ್ನು ಎಬ್ಬಿಸಲು ಕಾಲಾಳು ಯಾವುದೂ ಉಳಿದಿರುವುದಿಲ್ಲ. ರಾಜನನ್ನು ಮೂಲೆಗೆ ಸೇರಿಸಿ ಕೋಟೆ ಕಟ್ಟಿದ ಮೇಲೆ ಅವನ ಮುಂದಿನ ಕಾಲಾಳುಗಳನ್ನು ಅಗತ್ಯವಿಲ್ಲದೆ ನೂಕುವ ಚಟ ನಮ್ಮ ಹೊಸ ಆಟಗಾರರಲ್ಲಿ ಬಹಳ. ಮನೆಯ ಬಾಗಿಲನ್ನು ತಾವೇ ಕಿತ್ತಿಟ್ಟು ಕಳ್ಳ ಬಂದನೆಂದು ಕೂಗಿಕೊಂಡಂತೆ ಇದು.

ಕಾಲಾಳಿನ ಎರಡನೆಯ ಗುಣವೆಂದರೆ ಅದರ ಬಲ ನೆರೆಹೊರೆಯಲ್ಲಿರುವುದು. ಮಂತ್ರಿ ಒಂಟಿಯಾಗಿದ್ದರೂ ಮಂತ್ರಿಯೇ. ಕಾಲಾಳು ಹಾಗಲ್ಲ. ಓರೆಯಲ್ಲಿ ಒಂದರ ಹಿಂದೊಂದು ನಿಂತರೆ ಹಿಂದಿನದು ಮುಂದಿನದನ್ನು ಕಾಯುತ್ತದೆ. ಅಂಥ ಸರಪಳಿಯನ್ನು ಮುರಿಯಲು ಎದುರಾಳಿ ಅದರ ಬುಡಕ್ಕೇ ಕೈ ಹಾಕಬೇಕು. ಎರಡು ಪಕ್ಕದ ಸಾಲುಗಳಲ್ಲೂ ಜೊತೆಯಿಲ್ಲದ ಕಾಲಾಳು ಒಂಟಿಯಾಗುತ್ತದೆ. ಅದನ್ನು ಕಾಯಲು ಆನೆಯನ್ನೋ ಒಂಟೆಯನ್ನೋ ಕಟ್ಟಿಹಾಕಬೇಕಾಗುತ್ತದೆ. ಒಂದೇ ಸಾಲಿನಲ್ಲಿ ಒಂದರ ಬೆನ್ನಿಗೊಂದು ನಿಂತ ಜೋಡಿ ಕಾಲಾಳುಗಳು ಪರಸ್ಪರ ಕಾಯಲಾರವು. ಮುಂದಿನದು ಹಿಂದಿನದರ ದಾರಿಗೆ ಅಡ್ಡವಾಗಿರುತ್ತದೆ. ಹೀಗೆ ಕಾಲಾಳುಗಳು ನಿಂತ ರೀತಿಯೇ ಉಳಿದ ಕಾಯಿಗಳು ಎಲ್ಲಿಗೆ ಹೋಗಬೇಕು, ಯಾವ ಕಡೆ ದಾಳಿ ಮಾಡಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಬದುಗಳು ಇರುವಂತೆ ನೀರು ಹರಿಯುತ್ತದೆಯಲ್ಲವೆ?

ಈ ಸಂಗತಿಯನ್ನು ಯುರೋಪಿನಲ್ಲಿ ಗ್ರಂಥಮುಖೇನ ಮೊದಲು ಬಲವಾಗಿ ಪ್ರತಿಪಾದಿಸಿದವನು ಫ್ರಾನ್ಸಿನ ಫಿಲಿಡೋರ್. ೧೭೨೬ರಲ್ಲಿ ಹುಟ್ಟಿದ ಈತ ಸಂಗೀತಗಾರರ ಮನೆತನದವನು; ಸ್ವತಃ ಗೀತನಾಟಕಗಳಿಗೆ ಸಂಗೀತ ರಚಿಸಿದವನು. ೧೭೪೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆತನ ಚದುರಂಗದ ಪುಸ್ತಕದಲ್ಲಿ ಆಟದ ಗೆಲುವು ಸೋಲುಗಳೆರಡೂ ಕಾಲಾಳುಗಳ ವ್ಯವಸ್ಥೆಯನ್ನೇ ಅವಲಂಬಿಸಿವೆಯೆಂಬ ಅಭಿಪ್ರಾಯವಿದೆ. ದೊಡ್ಡ ಕಾಯಿಗಳಿಂದ ರಾಜನ ಮೇಲೆ ಏಕಾಏಕಿ ನುಗ್ಗುವುದೇ ಜಾಣತನವೆಂದು ನಂಬಿದ್ದ ಕಾಲದಲ್ಲಿ ಈ ಮಾತು ಹೊಸದಾಗಿತ್ತು. ನಮ್ಮ ನಾಡಿನಲ್ಲಿ ಕುದುರೆಗಾದರೂ ಅರಸರ ಮನ್ನಣೆ ದೊರೆತಿದೆ. ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟುವಂತೆ ಕುದುರೆಯನ್ನು ನಡೆಸುವ ಚಮತ್ಕಾರಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ್ದರು. ಕಾಲಾಳಿನ ಪರವಾಗಿ ಮಾತನಾಡಲು ಫಿಲಿಡೋರನಂಥವನು ಬರಬೇಕಾಯಿತು.

ಆಟ ಮುಗಿಯುತ್ತ ಬಂದಂತೆ ಕಾಲಾಳಿನ ಬೆಲೆ ಏರುತ್ತ ಹೋಗುತ್ತದೆ. ಕಾಯಿಗಳು ಒಂದೊಂದಾಗಿ ಹಲಗೆಯಿಂದ ಇಳಿದು ಕೊನೆಗೆ ಎರಡು ಕಡೆಯ ರಾಜರೂ ಒಂದೇ ಒಂದು ಕಾಲಾಳೂ ಉಳಿದಿವೆಯೆಂದು ಭಾವಿಸೋಣ. ಬರಿಯ ರಾಜನಿಂದ ಮಾತು ಕಟ್ಟುವುದು ಸಾಧ್ಯವಿಲ್ಲ. ಆ ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿಯಾದರೆ ಗೆಲುವು, ಇಲ್ಲವಾದರೆ ಆಟ ಸಮ. ಹಿಂದೆ ಅಗ್ಗವೆಂದು ಬಿಟ್ಟುಕೊಟ್ಟದ್ದು ಇಲ್ಲಿ ಸಾಮ್ರಾಜ್ಯದ ಬೆಲೆ ಬಾಳುತ್ತದೆ. ಈ ಘಟ್ಟದಲ್ಲಿ ಇನ್ನೊಂದು ಪಾಠವೂ ಇದೆ. ಕಾಲಾಳನ್ನು ಮುಂದೆ ಮುಂದೆ ನೂಕಿ ತನ್ನ ರಾಜನನ್ನು ಹಿಂದೆ ನಿಲ್ಲಿಸಿಕೊಂಡವನಿಗೆ ಸಾಮಾನ್ಯವಾಗಿ ಗೆಲುವು ದಕ್ಕುವುದಿಲ್ಲ. ಎದುರಿನ ರಾಜ ಬಂದು ದಾರಿಯಲ್ಲಿ ನಿಂತುಬಿಡುತ್ತಾನೆ. ರಾಜನೇ ಕಾಲಾಳಿನ ಮುಂದೆ ನಡೆದು, ಎದುರಿನವನನ್ನು ಪಕ್ಕಕ್ಕೆ ಸರಿಸಿ, ದಾರಿ ಬಿಡಿಸಿದರೆ ಆಗ ಕಾಲಾಳು ನಡೆದುಹೋಗುತ್ತದೆ. ಅಂಚಿನ ಸಾಲಿನ ಕಾಲಾಳಿಗೆ ಮಾತ್ರ ಈ ನಿಯಮ ಸಾಲದು. ಕಾಲಾಳಿನಿಂದ ಕೆಲಸ ಆಗಬೇಕಾದರೆ ದೊಡ್ಡವನು ಮುಂದಾಗಬೇಕೆಂಬ ಈ ನಿಯಮ ನನಗೆ ಬಹಳ ಮೆಚ್ಚಿಗೆಯಾದದ್ದು.

ದೂರದ ಉದಾಹರಣೆ ಬೇಡ. ೨೦೨೪ರ ಡಿಸೆಂಬರ್ ೧೨ರಂದು ಸಿಂಗಪುರದಲ್ಲಿ ಗುಕೇಶ್ ಮತ್ತು ಚೀನದ ಡಿಂಗ್ ಲಿರೆನ್ ಇವರೊಳಗೆ ವಿಶ್ವ ಚಾಂಪಿಯನ್ ಪಟ್ಟದ ಹದಿನಾಲ್ಕನೆಯ ಆಟ ನಡೆಯಿತು. ಇಬ್ಬರ ಅಂಕಗಳೂ ಸಮವಾಗಿದ್ದುವು. ಬಹಳ ಹೊತ್ತು ಆಡಿದ ಮೇಲೆ ಗುಕೇಶರ ಬಳಿ ಇದ್ದ ಮೇಲುಗೈ ಎಂದರೆ ಒಂದೇ ಒಂದು ಕಾಲಾಳು ಹೆಚ್ಚಾಗಿದ್ದುದು. ಆಟ ಸಮವಾಗುತ್ತದೆಂದೇ ನೋಡುವವರು ತಿಳಿದಿದ್ದರು. ಗುಕೇಶರು ಆ ಒಂದು ಕಾಲಾಳನ್ನು ಹಿಡಿದುಕೊಂಡು ಒತ್ತಾಯ ಬಿಡದೆ ಆಡಿದರು. ಐವತ್ತೈದನೆಯ ನಡೆಯಲ್ಲಿ ಡಿಂಗ್ ಅವರು ಆನೆಯನ್ನು ತಪ್ಪು ಮನೆಗೆ ತಂದರು. ಅದರಿಂದ ಆನೆಗಳೂ ಒಂಟೆಗಳೂ ಹಲಗೆಯಿಂದ ಇಳಿದು ರಾಜರು ಮತ್ತು ಕಾಲಾಳುಗಳು ಮಾತ್ರ ಉಳಿಯುವ ಸ್ಥಿತಿ ಬಂದಿತು. ಆ ಸ್ಥಿತಿಯಲ್ಲಿ ಒಂದು ಹೆಚ್ಚಿನ ಕಾಲಾಳೇ ಸಾಕಾಯಿತು. ಹದಿನೆಂಟು ವರ್ಷದ ಹುಡುಗ ಜಗತ್ತಿನ ಚಾಂಪಿಯನ್ ಆದದ್ದು ಹೀಗೆ. "ಕಾಲಾಳು ತಾನೆ" ಎನ್ನುವ ಗೆಳೆಯರು ಈ ಆಟವನ್ನು ಒಮ್ಮೆ ಹಲಗೆಯ ಮೇಲೆ ಆಡಿ ನೋಡಬೇಕು.

ಹಾಗಾದರೆ ಕಾಲಾಳನ್ನು ಎಂದೂ ಬಿಟ್ಟುಕೊಡಬಾರದೆ ಎಂದು ಯಾರಾದರೂ ಕೇಳಬಹುದು. ಜಿಪುಣನಂತೆ ಎಂಟನ್ನೂ ಹಿಡಿದುಕೊಂಡು ಕೂರುವವನೂ ಸೋಲುತ್ತಾನೆ. ಕೊಡುವುದಕ್ಕೂ ಚೆಲ್ಲುವುದಕ್ಕೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ಮಾತು. ಒಂದು ಹಳೆಯ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಹಲಗೆಯ ಎಡ ಅಂಚಿನ ಮೂರು ಸಾಲುಗಳಲ್ಲಿ ಕರಿಯ ಕಾಲಾಳುಗಳು ಮೂರು, ತಾವು ಹೊರಟ ಮನೆಗಳಲ್ಲಿಯೇ ನಿಂತಿವೆ. ಬಿಳಿಯ ಕಾಲಾಳುಗಳು ಮೂರು, ಅದೇ ಸಾಲುಗಳಲ್ಲಿ ಐದನೆಯ ಮನೆಗೆ ಬಂದಿವೆ. ನಡುವೆ ಒಂದು ಅಡ್ಡಸಾಲು ಮಾತ್ರ ಖಾಲಿ. ಎರಡೂ ರಾಜರು ದೂರದಲ್ಲಿದ್ದಾರೆ. ಈಗ ಬಿಳಿಯವರ ನಡೆ. ನೋಡಿದವರು ಯಾವ ಕಡೆಗೂ ದಾರಿಯಿಲ್ಲವೆನ್ನುತ್ತಾರೆ. ಆದರೆ ಬಿಳಿಯವನು ನಡುವಣ ಕಾಲಾಳನ್ನು ಮುಂದಿಡುತ್ತಾನೆ. ಅಂಚಿನ ಕರಿಯ ಕಾಲಾಳು ಅದನ್ನು ಹೊಡೆದರೆ, ಬಿಳಿಯವನು ಬಲಗಡೆಯ ಕಾಲಾಳನ್ನು ಮುಂದಿಡುತ್ತಾನೆ. ಅದನ್ನೂ ನಡುವಣ ಕರಿಯ ಕಾಲಾಳು ಹೊಡೆಯಬೇಕಾಗುತ್ತದೆ. ಈಗ ಅಂಚಿನ ಸಾಲು ಬರಿದಾಗಿದೆ. ಉಳಿದ ಮೂರನೆಯ ಬಿಳಿಯ ಕಾಲಾಳು ಯಾರ ತಡೆಯೂ ಇಲ್ಲದೆ ನಡೆದು ಮಂತ್ರಿಯಾಗುತ್ತದೆ. ಕರಿಯವನು ಮೊದಲ ಸಲ ಬಲಗಡೆಯ ಕಾಲಾಳಿನಿಂದ ಹೊಡೆದರೆ ಬಿಳಿಯವನು ಅಂಚಿನದನ್ನು ಮುಂದಿಡುತ್ತಾನೆ. ಆಗ ಬಲಗಡೆಯ ಕಾಲಾಳಿಗೆ ದಾರಿಯಾಗುತ್ತದೆ. ನಡೆ ಕರಿಯವರದಾಗಿದ್ದರೆ ನಡುವಣದನ್ನು ಒಂದು ಮನೆ ಸರಿಸಿ ಇದೆಲ್ಲವನ್ನೂ ತಡೆಯಬಹುದಾಗಿತ್ತು. ಇಲ್ಲಿ ಎರಡು ಕಾಲಾಳುಗಳು ಹೋದುವು. ಆದರೆ ಒಂದೊಂದೂ ಏತಕ್ಕಾಗಿ ಹೋಯಿತೆಂದು ಆಡಿದವನು ಲೆಕ್ಕ ಒಪ್ಪಿಸಬಲ್ಲ. ಲೆಕ್ಕ ಒಪ್ಪಿಸಲಾಗದ ನಷ್ಟಕ್ಕೆ ಬಲಿದಾನವೆಂಬ ದೊಡ್ಡ ಹೆಸರು ಸಲ್ಲದು.

ಈ ಮೂರು ಕಾಲಾಳುಗಳ ಲೆಕ್ಕವನ್ನು ಹಲಗೆಯ ಮೇಲೆ ಇಟ್ಟು ನೋಡಿದಾಗಲೆಲ್ಲ ನನಗೆ ನಮ್ಮ ಮನೆ ನೆನಪಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹೊಲಕ್ಕಿಳಿದ. ಅಕ್ಕ ಒಂಬತ್ತನೆಯದಕ್ಕೆ ಬಿಟ್ಟಳು. ಮೂರನೆಯವನಾದ ನನಗೆ ದಾರಿ ತೆರೆಯಿತು. ಊರಿನವರು ಅವರಿಬ್ಬರನ್ನೂ ಬಹಳ ಹೊಗಳುತ್ತಾರೆ. ತಮ್ಮನಿಗಾಗಿ ತ್ಯಾಗ ಮಾಡಿದರೆನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ಸಂತೋಷವಾಗುವುದಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಹಲಗೆಯ ಮೇಲಿನ ಕಾಲಾಳನ್ನೂ ಯಾರೂ ಕೇಳುವುದಿಲ್ಲ. ಆದರೆ ಅದು ಮರದ್ದು. ಮನುಷ್ಯರ ವಿಷಯದಲ್ಲಿ ಆಟದ ನಿಯಮವನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲವೆಂಬುದು ಸಮಾಧಾನದ ಸಂಗತಿ. ಹೊಡೆಸಿಕೊಂಡ ಕಾಲಾಳು ಮತ್ತೆ ಹಲಗೆಗೆ ಬರುವಂತಿಲ್ಲ; ಅಕ್ಕ ಈ ವರ್ಷ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ರಜೆಯಲ್ಲಿ ಗಣಿತ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ದಾರಿ ಸಿಕ್ಕಿದವನು ದಾರಿ ಬಿಟ್ಟವರಿಗೆ ಲೆಕ್ಕ ಒಪ್ಪಿಸಬೇಕೆಂದು ನಾನು ತಿಳಿದಿದ್ದೇನೆ.

ಕಾಲಾಳು ಕೊನೆಯ ಸಾಲನ್ನು ಮುಟ್ಟಿದಾಗ ಏನಾಗಬೇಕೆಂಬುದರಲ್ಲಿಯೂ ಒಂದು ವಿವೇಕವಿದೆ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ನಮ್ಮಲ್ಲುಂಟು. ಚದುರಂಗ ಅಷ್ಟು ಧಾರಾಳಿಯಲ್ಲ, ಕಾಲಾಳು ಅರಸನಾಗುವಂತಿಲ್ಲ. ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಒಂದಾಗಬಹುದು. ಎಲ್ಲರೂ ಮಂತ್ರಿಯನ್ನೇ ಬೇಡುತ್ತಾರೆ, ಅದು ಸಹಜ. ಆದರೆ ೧೮೯೫ರಲ್ಲಿ ಗ್ಲಾಸ್ಗೋ ನಗರದ ಪತ್ರಿಕೆಯೊಂದರಲ್ಲಿ ಒಂದು ಸಮಸ್ಯೆ ಅಚ್ಚಾಯಿತು. ಬಿಳಿಯವನಿಗೆ ರಾಜ ಮತ್ತು ಒಂದು ಕಾಲಾಳು. ಕರಿಯವನಿಗೆ ರಾಜ ಮತ್ತು ಒಂದು ಆನೆ. ಕಾಲಾಳು ಮಂತ್ರಿಯಾದೊಡನೆ ಕರಿಯವನು ತನ್ನ ಆನೆಯನ್ನೇ ಚೆಕ್ ಕೊಟ್ಟು ಒಪ್ಪಿಸುತ್ತಾನೆ. ಅದನ್ನು ಹೊಡೆದರೆ ಕರಿಯ ರಾಜನಿಗೆ ಚೆಕ್ ಇಲ್ಲ, ನಡೆಯಲು ಮನೆಯೂ ಇಲ್ಲ. ನಿಯಮದಂತೆ ಆಟ ಸಮ. ಬಲ್ಲವರೆಲ್ಲ ಅಷ್ಟೇ ಎಂದು ಕೈಬಿಟ್ಟಿದ್ದರು. ಆ ಊರಿನಲ್ಲಿ ನೆಲಸಿದ್ದ ಸಾವೇದ್ರ ಎಂಬ ಸ್ಪೇನಿನ ಪಾದ್ರಿ, ಚದುರಂಗದಲ್ಲಿ ಮತ್ತಾವ ದೊಡ್ಡ ಹೆಸರೂ ಇಲ್ಲದವನು, ಕಾಲಾಳನ್ನು ಮಂತ್ರಿ ಮಾಡದೆ ಆನೆ ಮಾಡಿದರೆ ಗೆಲುವೆಂದು ತೋರಿಸಿಕೊಟ್ಟನು. ಆ ಒಂದು ನಡೆಯಿಂದ ಅವನ ಹೆಸರು ಇಂದಿಗೂ ಉಳಿದಿದೆ. ಪದವಿ ಮುಗಿಸಿ ಹೊರಡುವ ನಮ್ಮಂಥವರಿಗೆ ಎಲ್ಲರೂ ದೊಡ್ಡ ಹುದ್ದೆಗಳ ಹೆಸರನ್ನೇ ಹೇಳುತ್ತಾರೆ. ಮನೆಯ ಸ್ಥಿತಿಗೆ, ಊರಿನ ಅಗತ್ಯಕ್ಕೆ ಯಾವುದು ಒದಗುತ್ತದೆಂದು ನೋಡಿಕೊಳ್ಳುವುದೂ ಜಾಣತನವೇ.

ಕೊನೆಯದಾಗಿ ನನ್ನ ಸೂಚನೆ. ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಚದುರಂಗ ಕಲಿಯಲು ಪ್ರತಿವರ್ಷವೂ ಹಳ್ಳಿಗಳಿಂದ ಬಂದ ಹೊಸ ವಿದ್ಯಾರ್ಥಿಗಳು ಹೆಸರು ಕೊಡುತ್ತಾರೆ. ಪಟ್ಟಣಗಳಲ್ಲಿ ಹಣ ಕೊಟ್ಟು ತರಬೇತಿ ಪಡೆದು ಬಂದವರು ಬಾಯಿಪಾಠ ಮಾಡಿದ ಆರಂಭದ ನಡೆಗಳಿಂದ ಇವರನ್ನು ಹತ್ತು ನಡೆಗಳೊಳಗೆ ಕೆಡವುತ್ತಾರೆ. ಎರಡು ವಾರದಲ್ಲಿ ಹಳ್ಳಿಯವರು ಬರುವುದನ್ನು ನಿಲ್ಲಿಸುತ್ತಾರೆ. ಇದಕ್ಕೆ ಪರಿಹಾರ ಸುಲಭ. ಮೊದಲ ಒಂದು ತಿಂಗಳು ರಾಜ ಮತ್ತು ಎಂಟು ಕಾಲಾಳುಗಳನ್ನು ಮಾತ್ರ ಹಲಗೆಯ ಮೇಲಿಟ್ಟು ಆಡಿಸಬೇಕು. ಮೊದಲು ಕಾಲಾಳನ್ನು ಕೊನೆಯ ಸಾಲಿಗೆ ತಲಪಿಸಿದವನು ಗೆದ್ದಂತೆ. ಇಲ್ಲಿ ಬಾಯಿಪಾಠಕ್ಕೆ ಎಡೆಯಿಲ್ಲ. ಎಣಿಕೆ ಬೇಕು, ತಾಳ್ಮೆ ಬೇಕು. ಇವೆರಡೂ ಯಾವ ಊರಿನಲ್ಲಿಯೂ ಹಣ ಕೊಟ್ಟು ಕೊಳ್ಳತಕ್ಕ ವಸ್ತುಗಳಲ್ಲ.

ಸ್ಪರ್ಧೆಗಳಲ್ಲಿ ಗೆಲ್ಲಬೇಕಾದರೆ ಆರಂಭದ ನಡೆಗಳನ್ನು ಕಲಿಯಲೇ ಬೇಕಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡನೆಯ ತಿಂಗಳಲ್ಲಿ ಕಲಿಯಲಿ. ಪಂಜಾಬಿನ ಮೀರ್ ಸುಲ್ತಾನ್ ಖಾನರ ದೃಷ್ಟಾಂತ ನಮ್ಮ ಮುಂದಿದೆ. ಅವರು ಬಾಲ್ಯದಲ್ಲಿ ಕಲಿತದ್ದು ನಮ್ಮ ದೇಶದ ಹಳೆಯ ಪದ್ಧತಿಯ ಆಟ. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಸ್ವಾತಂತ್ರ್ಯವಿರಲಿಲ್ಲ, ಒಂದೊಂದೇ ಹೆಜ್ಜೆ. ಇಂಗ್ಲೆಂಡಿಗೆ ಹೋದಾಗ ಆರಂಭದ ನಡೆಗಳ ಪುಸ್ತಕಜ್ಞಾನ ಅವರಿಗೆ ಅಲ್ಪವಾಗಿತ್ತು. ಆದರೂ ೧೯೨೯, ೧೯೩೨ ಮತ್ತು ೧೯೩೩ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿ ಗೆದ್ದರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನು ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಸೋಲಿಸಿದರು. ಅವರು ತೀರಿಕೊಂಡದ್ದು ೧೯೬೬ರಲ್ಲಿ. ಗೌರವ ಗ್ರಾಂಡ್‌ಮಾಸ್ಟರ್ ಬಿರುದು ಸಂದದ್ದು ೨೦೨೪ರಲ್ಲಿ. ಒಂದೊಂದೇ ಹೆಜ್ಜೆಯ ಕಾಲಾಳಿನಿಂದ ಆಟ ಕಲಿತವರು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಾನು ಈ ವರ್ಷ ಕಾಲೇಜು ಬಿಡುತ್ತಿದ್ದೇನೆ. ಬರುವ ವರ್ಷದ ಕ್ರೀಡಾ ಕಾರ್ಯದರ್ಶಿಗಳೂ ನಮ್ಮ ಅಧ್ಯಾಪಕರೂ ಈ ಸೂಚನೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ. ಇದಕ್ಕೆ ಹೊಸ ಹಲಗೆ ಬೇಡ, ಅನುದಾನ ಬೇಡ. ಕ್ರೀಡಾ ಕೊಠಡಿಯ ಕಪಾಟಿನಲ್ಲಿರುವ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಕುದುರೆಯಿಲ್ಲ, ಒಂದಕ್ಕೆ ಮಂತ್ರಿಯೇ ಇಲ್ಲ. ಅವು ಕೆಲಸಕ್ಕೆ ಬಾರವೆಂದು ಬದಿಗಿಟ್ಟಿದ್ದಾರೆ. ನಾನು ಎಣಿಸಿ ನೋಡಿದ್ದೇನೆ, ಕಾಲಾಳುಗಳು ಸರಿಯಾಗಿವೆ.